ಮಗುಚಿ ಹೊಲಿದ ಹಿತ್ತಲು

ದಾರ ಮೂರನೆಯ ಸಲ ಸಿಕ್ಕು ಬಿದ್ದದ್ದೂ ಹೊಸ್ತಿಲ ಹತ್ತಿರವೇ. ಮಿಷನ್ನು ಗಂಟಲು ಕಟ್ಟಿದವರಂತೆ ಗೊರ್ ಎಂದು, ಸೂಜಿ ಬಟ್ಟೆಯೊಳಗೆ ಅರ್ಧ ಇಳಿದಲ್ಲೇ ನಿಂತುಬಿಟ್ಟಿತು. ಅವಳು ಪೆಡಲಿನ ಮೇಲಿಂದ ಕಾಲು ತೆಗೆದಳು. ಗೋಡೆ, ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ಹಗ್ಗ, ಎಲ್ಲವೂ ತಕರಾರಿಲ್ಲದೆ ಹೊಲಿಸಿಕೊಂಡಿದ್ದವು. ಬಾಗಿಲ ಮುಂದಿನ ಅಂಗೈಯಷ್ಟು ಜಾಗ ಮಾತ್ರ ಬೆಳಗಿನಿಂದ ಹಟ ಹಿಡಿದಿತ್ತು. ಮೂವತ್ತು ವರ್ಷದಿಂದ ಮಿಷನ್ನಿನಲ್ಲಿ ದಾರದ ಚಿತ್ರ ಹೊಲಿಯುತ್ತಿರುವವಳು ಅವಳು. ಬೆಟ್ಟ, ದೋಣಿ, ಸೇತುವೆ, ಇನ್ನೊಬ್ಬರ ಮನೆಯ ನಾಯಿ, ಇನ್ನೊಬ್ಬರ ಮದುವೆಯ ಫೋಟೋ, ಯಾರು ಏನು ಕೇಳಿದರೂ ಇಲ್ಲ ಎನ್ನದೆ ಮಾಡಿಕೊಟ್ಟಿದ್ದಳು. ಕೆಳಗಿನ ದಾರದ ಅಂಗಡಿಯವನು, 'ನಿಮ್ಮ ಮಿಷನ್ನು ಕರೆಂಟಿಗೆ ಓಡಲ್ಲ ಅಕ್ಕಾ, ನಿಮ್ಮ ಭಯಕ್ಕೆ ಓಡುತ್ತೆ' ಎಂದು ರೇಗಿಸುತ್ತಿದ್ದ. ಇವತ್ತು ಯಾರು ಯಾರಿಗೆ ಹೆದರಿದ್ದಾರೆಂದು ಅವನು ಬಂದು ನೋಡಬೇಕಿತ್ತು.

'ಮತ್ತೆ ನಿಂತಿತಾ?' ಎಂದಳು ಕಿಟಕಿಯ ಪಕ್ಕದ ಕುರ್ಚಿಯಿಂದ ಅಮ್ಮ.

'ದಾರ ಸಿಕ್ಕಾಯ್ತು. ಬಿಡಿಸ್ತೀನಿ.'

'ನಿಧಾನಕ್ಕೆ ಬಿಡಿಸು. ಅವನು ಬರೋದು ಮೂರಕ್ಕೆ ತಾನೆ.'

ಮೂರಕ್ಕೆ ಅಣ್ಣ ಬರುವವನಿದ್ದ. ಇನ್ನು ಆರು ತಿಂಗಳು ಅಮ್ಮ ಅವನ ಮನೆಯಲ್ಲಿ. ಬಟ್ಟೆಯ ಚೀಲ ಬೆಳಿಗ್ಗೆಯೇ ಸಿದ್ಧವಾಗಿ ಅಮ್ಮನ ಕಾಲ ಬಳಿ ಕೂತಿತ್ತು. ಕಣ್ಣಿನ ನರ ಒಣಗಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಕೈಚೆಲ್ಲಿ ಎರಡು ವರ್ಷವಾಗಿತ್ತು. ಅಂದಿನಿಂದ ಅಮ್ಮ ಮನೆಯನ್ನು ಅಂಗೈಯಲ್ಲೇ ಓದುತ್ತಿದ್ದಳು. ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಗೋಡೆಯ ಸುಣ್ಣ ಉಬ್ಬಿರುವ ಕಡೆ ತಿರುವು, ಬೀರುವಿನ ಮೂಲೆ ತಣ್ಣಗೆ ಸಿಕ್ಕರೆ ಮಂಚ. ಹೋದ ತಿಂಗಳು ಅಮ್ಮನೇ ಕೇಳಿದ್ದಳು: 'ನಿಮ್ಮಣ್ಣನ ಮನೇಲಿ ಗೋಡೆಯೆಲ್ಲ ನುಣುಪು ಕಣೇ. ಮುಟ್ಟಿದ್ರೆ ಏನೂ ಹೇಳಲ್ಲ. ನಮ್ಮ ಹಳೇ ಮನೆ ಹಿತ್ತಲು ಇತ್ತಲ್ಲ, ಅದನ್ನ ಬೆರಳಿಗೆ ಕಾಣೋ ಹಾಗೆ ಮಾಡಿಕೊಡು. ಊರವರಿಗೆಲ್ಲ ಮಾಡಿಕೊಟ್ಟಿದ್ದೀಯ, ನಂಗೊಂದು ಮಾಡು.' ಅವಳು ಹೂಂ ಎಂದಿದ್ದಳು. ಹೂಂ ಎಂದ ಮೇಲೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಳೇ ಮನೆಯಲ್ಲಿ ಎಷ್ಟೊಂದು ಜಾಗವಿತ್ತು, ಮುಂಬಾಗಿಲ ಜಗಲಿ ಇತ್ತು, ಮಹಡಿಯ ಮೆಟ್ಟಿಲಿತ್ತು. ಅಮ್ಮ ಹಿತ್ತಲನ್ನೇ ಯಾಕೆ ಕೇಳಿದಳು?

ದಪ್ಪ ದಾರ ಸೂಜಿಯ ಕಣ್ಣಿನಲ್ಲಿ ತೂರುವುದಿಲ್ಲ. ಬೆರಳಿಗೆ ಸಿಗುವಂಥ ಉಬ್ಬು ಬೇಕಾದರೆ ದಪ್ಪ ದಾರವನ್ನು ಕೆಳಗಿನ ಬಾಬಿನ್ನಿಗೆ ಸುತ್ತಿ, ಬಟ್ಟೆಯನ್ನು ಬೋರಲು ಹಾಕಿ, ಬೆನ್ನಿನ ಕಡೆಯಿಂದ ಹೊಲಿಯಬೇಕು. ಬಟ್ಟೆಯನ್ನು ಒತ್ತುವ ಪಾದವನ್ನು ಬಿಚ್ಚಿಟ್ಟು, ಮುಂದಕ್ಕೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ರಿಂಗಿಗೆ ಬಿಗಿದ ಬಟ್ಟೆಯನ್ನು ಎರಡೂ ಕೈಯಿಂದ ತಾನೇ ಓಡಿಸಬೇಕು. ಮೇಲೆ ಕಾಣುವುದು ಸಾದಾ ದಾರದ ಸಣ್ಣ ಗೀರು ಮಾತ್ರ. ಚಿತ್ರ ಮೂಡುವುದು ಕೆಳಗೆ, ಕಣ್ಣಿಗೆ ಬೀಳದ ಕಡೆ. ಕಣ್ಣಿದ್ದೂ ಕುರುಡಿಯಂತೆ ಹೊಲಿಯುವ ಕೆಲಸ ಇದು. ಕಲಿಯಲು ಬರುವ ಹುಡುಗಿಯರಿಗೆ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತು, ಚಿತ್ರವನ್ನು ಕಾಗದದ ಮೇಲೆ ಬರೆದುಕೊಳ್ಳಿ, ಕಾಗದವನ್ನು ಮಗುಚಿ, ಆಮೇಲೆ ಬಟ್ಟೆಯ ಬೆನ್ನಿಗೆ ಇಳಿಸಿ, ಇಲ್ಲದಿದ್ದರೆ ಎಡಗೈಯಲ್ಲಿರೋ ಕೊಡೆ ಬಲಗೈಗೆ ಬರುತ್ತೆ. ಈ ಹಿತ್ತಲಿಗೆ ಮಾತ್ರ ಅವಳು ಕಾಗದ ತೆಗೆದುಕೊಂಡಿರಲಿಲ್ಲ. ಕಣ್ಣು ಮುಚ್ಚಿದರೆ ಎದುರಿಗೆ ಬಂದು ನಿಲ್ಲುವುದಕ್ಕೆ ಕಾಗದ ಯಾಕೆ? ಸೀಮೆಸುಣ್ಣ ಹಿಡಿದು ನೇರವಾಗಿ ಬಟ್ಟೆಯ ಬೆನ್ನಿನ ಮೇಲೆ ಬರೆದುಬಿಟ್ಟಿದ್ದಳು. ದಿನವೂ ಕೆಲಸ ಮುಗಿಸುವಾಗ ಬಟ್ಟೆ ತಿರುಗಿಸಿ ನೋಡುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಸರಿಯಾಗಿರುವುದು ಎಷ್ಟರಮಟ್ಟಿಗೆಂದರೆ, ತಿರುಗಿಸಿದ ಕ್ಷಣ ಮಧ್ಯಾಹ್ನದ ಆ ಬಿಸಿಲೂ ಅಲ್ಲೇ ಬಿದ್ದಿರುವ ಹಾಗೆ ಕಾಣುತ್ತಿತ್ತು.

ಅವಳು ರಿಂಗನ್ನು ಎತ್ತಿ, ಸಿಕ್ಕಿದ ದಾರವನ್ನು ಕತ್ತರಿಸಿ, ಬಟ್ಟೆಯನ್ನು ತಿರುಗಿಸಿದಳು. ಹೊಸ್ತಿಲ ಮುಂದೆ ದಾರದ ಗಂಟು. ಬೆಳಿಗ್ಗೆ ಮೊದಲ ಸಲ ಬಿದ್ದಾಗ ಅದೊಂದು ಉಂಡೆಯಂತೆ ಇತ್ತು, ನಕ್ಕು ಬಿಡಿಸಿದ್ದಳು. ಎರಡನೆಯ ಸಲದ್ದು ಉದ್ದಕ್ಕೆ ಬಿದ್ದಿತ್ತು. ಈಗಿನದಕ್ಕೆ ಹೆಗಲಿತ್ತು. ಹೆಗಲ ಮೇಲೆ ತಗ್ಗಿಸಿದ ತಲೆಯಂಥದ್ದೊಂದು ಉಬ್ಬಿತ್ತು. ಬಿಡಿ ಎಳೆಗಳೂ ಕುಣಿಕೆಗಳೂ ಹೊರಗೆ ಚಾಚಿಕೊಂಡು, ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ ತೊಟ್ಟವರ ಮೈಯ ಹಾಗೆ ಕಾಣುತ್ತಿತ್ತು. ಮಿಷನ್ನಿನಲ್ಲಿ ದಾರದ ಬಿಗಿ ಸರಿಯಿಲ್ಲದಿದ್ದರೆ ಹೀಗಾಗುತ್ತದೆ, ಅಷ್ಟೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕೈ ಮಾತ್ರ ಮುಟ್ಟಲು ಹಿಂಜರಿಯಿತು.

ಅತ್ತೆ ಅಂಗಿಯನ್ನು ಹಾಗೆಯೇ ತೊಡುತ್ತಿದ್ದಳು. ಅಪ್ಪನ ತಂಗಿ, ಮದುವೆಯಾಗದವಳು, ಹಿತ್ತಲ ಪಕ್ಕದ ಕೋಣೆಯಲ್ಲಿ ಇದ್ದವಳು. ತಲೆ ಒಂದು ಸುತ್ತು ಕಡಿಮೆ ಎಂದು ನೆಂಟರು ಮೆಲ್ಲಗೆ ಹೇಳುತ್ತಿದ್ದರು, ಅವಳಿಗೆ ಕೇಳಿಸುವಷ್ಟು ಮೆಲ್ಲಗೆ. 'ಹೊಲಿಗೆ ಇರೋ ಕಡೆ ಒಳಗಿದ್ರೆ ಚುಚ್ಚುತ್ತೆ ಕಣೇ ಕಡ್ಡೀ. ಚೆಂದದ ಕಡೆ ನನ್ನ ಮೈಗಿರಲಿ, ಚುಚ್ಚೋದು ನೋಡೋರಿಗಿರಲಿ,' ಎಂದು ನಗುತ್ತಿದ್ದಳು. ಕಡ್ಡಿ ಎಂದರೆ ಇವಳೇ. ಹನ್ನೊಂದನೆಯ ವರ್ಷದಲ್ಲಿ ಇವಳ ಕೈಕಾಲು ಹಾಗಿದ್ದವು. ಬಾಗಿಲು ತಟ್ಟುವುದನ್ನು ಮಕ್ಕಳಿಬ್ಬರಿಗೂ ಕಲಿಸಿದವಳೂ ಅತ್ತೆಯೇ, ಬೇಗಬೇಗ ಮೂರು, ತಡೆದು ಒಂದು. 'ಮೂರು ಒಳಗಿರೋರಿಗೆ, ಒಂದು ಬಾಗಿಲಿಗೆ. ಅದಕ್ಕೂ ಗೊತ್ತಾಗ್ಬೇಡ್ವಾ, ಮನೆಯವರು ಬಂದ್ರು ಅಂತ?' ಅಪ್ಪ ಕೂಡ ಹಾಗೇ ತಟ್ಟತೊಡಗಿದ್ದ. ಆಮೇಲೆ, ಅದೆಲ್ಲ ಆದ ಮೇಲೆ, ಆ ಮನೆಯಲ್ಲಿ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಹೊರಗಿಂದ ಹೆಸರು ಹಿಡಿದು ಕೂಗುತ್ತಿದ್ದರು.

ಗಂಟನ್ನು ಅವಳು ಸಣ್ಣ ಕತ್ತರಿಯಿಂದ ಎಳೆಎಳೆಯಾಗಿ ಕತ್ತರಿಸಿದಳು, ಚಿಮಟದಿಂದ ಹೆಕ್ಕಿದಳು. ದಾರವೆಲ್ಲ ಬಂತು. ಬಟ್ಟೆ ದಪ್ಪನೆಯ ಬಿಗಿ ನೇಯ್ಗೆಯದು, ಸೂಜಿ ಹೊಕ್ಕ ತೂತು ಮಾತ್ರ ಮುಚ್ಚಿಕೊಳ್ಳಲಿಲ್ಲ. ಹೆಗಲು ಇದ್ದಲ್ಲಿ ಹೆಗಲಿನ ತೂತು, ತಲೆ ಇದ್ದಲ್ಲಿ ತಲೆಯ ತೂತು. ಉಗುರಿನಿಂದ ತೀಡಿದಳು, ಒದ್ದೆ ಬೆರಳು ಆಡಿಸಿದಳು, ಹೋಗಲಿಲ್ಲ. ಕಣ್ಣಿರುವವರಿಗೆ ಅದು ಕಾಣುವುದೇ ಇಲ್ಲ ಎಂದುಕೊಂಡು, ಅದೆಂಥ ಸಮಾಧಾನ ಎಂದು ಹೊಳೆದು, ಕುರ್ಚಿಯ ಕಡೆ ನೋಡಿದಳು. ಅಮ್ಮ ಮುಖವನ್ನು ಮಿಷನ್ನಿನ ಕಡೆಗೇ ಹಿಡಿದು ಕೂತಿದ್ದಳು. ಕಣ್ಣು ಹೋದಮೇಲೆ ಅಮ್ಮನ ಮುಖಕ್ಕೆ ಬಂದಿದ್ದ ಆ ನೆಟ್ಟ ಗಮನ ಕಣ್ಣಿದ್ದಾಗ ಯಾವತ್ತೂ ಇರಲಿಲ್ಲ.

ಹೇಳಬೇಕಾದದ್ದನ್ನು ಇವತ್ತು ಮೂರು ಗಂಟೆಯೊಳಗೆ ಹೇಳಬೇಕಿತ್ತು. ನಲವತ್ತೊಂದು ವರ್ಷದಿಂದ ಹೇಳದೆ ಉಳಿದದ್ದು, ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು, 'ನೀರು ಕಾದಿದೆಯಾ ಅಮ್ಮ' ಎಂಬಂಥ ಮಾತಾಗಿ ಹೊರಬಿದ್ದದ್ದು. ಅಣ್ಣನ ಮನೆಗೆ ಹೋದವಳು ಆರು ತಿಂಗಳ ನಂತರ ಬರುತ್ತಾಳೆಂದು ಯಾರು ಬರೆದುಕೊಟ್ಟಿದ್ದಾರೆ? ಎಪ್ಪತ್ತೈದು ವರ್ಷದ ಜೀವ. ಬೆಳಿಗ್ಗೆ ತಲೆ ಬಾಚುವಾಗ ಹೇಳೋಣವೆಂದುಕೊಂಡಿದ್ದಳು, ಆ ಬೋಳು ನೆತ್ತಿಯನ್ನು ಕಂಡು ಬಾಯಿ ಬರಲಿಲ್ಲ. ಚೀಲಕ್ಕೆ ಬಟ್ಟೆ ಮಡಿಸಿಡುವಾಗ ಹೇಳೋಣವೆಂದುಕೊಂಡಳು. ಆಗ ಅಮ್ಮನೇ ತಮಾಷೆ ತೆಗೆದಳು: 'ಕಣ್ಣು ಹೋಗಿದ್ದರಿಂದ ಒಂದು ಲಾಭ ನೋಡು, ನಿನ್ನ ಸಿಂಡರಿಸಿದ ಮುಖ ನೋಡೋದು ತಪ್ಪಿತು.' ಇಬ್ಬರೂ ನಕ್ಕರು. ನಕ್ಕ ಮೇಲೆ ಅಂಥ ಮಾತನ್ನು ಹೇಗೆ ಎತ್ತುವುದು? ಹಿತ್ತಲನ್ನು ಪೂರ್ತಿ ಹೊಲಿದು ಕೈಗಿಟ್ಟು, ಅಮ್ಮನ ಬೆರಳು ಬಾಗಿಲ ಹತ್ತಿರ ಬಂದಾಗ ಹೇಳಿಬಿಡುತ್ತೇನೆ ಎಂದು ಕೊನೆಗೆ ತೀರ್ಮಾನಿಸಿದ್ದಳು. ಅದಕ್ಕೇ ಆ ಜಾಗ ಮುಗಿಯುತ್ತಿಲ್ಲವೇನೋ. ಹೇಡಿಯ ಕೈಯಲ್ಲಿ ಮಿಷನ್ನು ಕೂಡ ನೆಪ ಹುಡುಕುತ್ತದೆ.

ಬಾಬಿನ್ನನ್ನು ಹೊಸದಾಗಿ ಸುತ್ತಿ, ಬಟ್ಟೆಯನ್ನು ಬೋರಲು ಹಾಕಿ, ಮತ್ತೆ ಕಾಲೊತ್ತಿದಳು. ಈ ಸಲ ಸೂಜಿ ಸರಾಗವಾಗಿ ಓಡಿತು. ನಲವತ್ತೊಂದು ವರ್ಷದ ಹಿಂದಿನ ಆ ದಿನ ಶಾಲೆಗೆ ಅರ್ಧ ದಿನ ರಜೆ. ಊಟದ ಡಬ್ಬಿ ಬೇಕಾಗಿರಲಿಲ್ಲ, ಆದರೂ ಅದನ್ನು ಹಿಡಿದು ಅತ್ತೆ ಗೇಟಿಗೆ ಬಂದಿದ್ದಳು. ಅಂಗಿಯ ಹೊಲಿಗೆಗಳೆಲ್ಲ ಹೊರಗೆ, ಜೇಬು ನಾಲಿಗೆಯ ಹಾಗೆ ಪಕ್ಕಕ್ಕೆ ಜೋತುಬಿದ್ದಿತ್ತು. 'ಏ ಕಡ್ಡೀ! ನಮ್ಮ ಕಡ್ಡಿ ಎಲ್ಲಿ?' ಎಂದು ಸಾಲಿನಲ್ಲಿ ನಿಂತ ಒಂದೊಂದೇ ಮಗುವಿನ ಮುಖ ಹಿಡಿದು ನೋಡುತ್ತ ಬಂದಳು. ಮಕ್ಕಳು ನಕ್ಕರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಟೀಚರೂ ನಕ್ಕರು. ಕೈಯಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸುತ್ತ ನಕ್ಕರು. 'ನಿನಗೇನಾಗಬೇಕಮ್ಮ ಅವರು?' ಎಂದು ಕೇಳಿದಾಗ ಇವಳು, 'ನಮ್ಮನೆ ಕೆಲಸದೋಳು ಟೀಚರ್,' ಎಂದಳು. ಅತ್ತೆಗೆ ಅದು ಕೇಳಿಸಿತು. ಕೇಳಿಸಿದ್ದು ಮುಖದಲ್ಲಿ ಕಂಡಿತು. 'ಹೌದು ಹೌದು, ಕೆಲಸದೋಳೇ,' ಎಂದು ತಲೆಯಾಡಿಸಿ, ಡಬ್ಬಿಯನ್ನು ಇವಳ ಕೈಗಿಟ್ಟು, ದಾರಿಯುದ್ದಕ್ಕೂ ಹತ್ತು ಹೆಜ್ಜೆ ಹಿಂದೆ ನಡೆದು ಬಂದಳು, ಕೆಲಸದವರು ನಡೆಯುವ ಹಾಗೆ. ಮನೆ ಮುಟ್ಟಿದ ಮೇಲೆ ಅತ್ತೆ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹಿತ್ತಲಿಗೆ ಇಳಿದಳು. ಇವಳು ಬಾಗಿಲು ಮುಂದೆ ತಳ್ಳಿ ಚಿಲಕ ಹಾಕಿದಳು. ಯೋಚಿಸಿ ಹಾಕಿದ್ದಲ್ಲ. ಕೈ ಹಾಕಿತು, ತಾನು ನೋಡಿದಳು. ಆಮೇಲೆ ಬಾಗಿಲಿಗೆ ಹಣೆ ಒತ್ತಿ ನಿಂತಳು. ಮರ ಬೆಚ್ಚಗಿತ್ತು. ಬೇಗಬೇಗ ಮೂರು, ತಡೆದು ಒಂದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು, ಒಂದು. ಪ್ರತಿ ಸಲವೂ ಆ ಒಂದು ಏಟು ನೇರ ಹಣೆಗೇ ಬಂದು ತಾಗುತ್ತಿತ್ತು. ಕೊನೆಗೆ ಅತ್ತೆ ಬಾಗಿಲ ಸಂದಿಗೆ ಬಾಯಿಟ್ಟು, ತೀರಾ ಮೆಲ್ಲಗೆ, 'ನೀನೇ ಅಲ್ವಾ? ಇರ್ಲಿ ಬಿಡು,' ಎಂದಳು. ಹಿತ್ತಲ ಗೇಟಿನ ಸದ್ದು ಕೇಳಿಸಿತು.

ಅತ್ತೆ ಮತ್ತೆ ಬರಲಿಲ್ಲ. ಹುಡುಕದ ಬೀದಿಯಿಲ್ಲ, ಕೇಳದ ಆಸ್ಪತ್ರೆಯಿಲ್ಲ. ಸತ್ತಳೆಂದು ಅಳುವಂತಿಲ್ಲ, ಇದ್ದಾಳೆಂದು ಕಾಯುವಂತಿಲ್ಲ. ಸಂಜೆ ಅಪ್ಪ ನಡುಮನೆಯಲ್ಲಿ ನಿಂತು, 'ಚಿಲಕ ಹಾಕಿದ್ದು ಯಾರು?' ಎಂದು ಕೇಳಿದ. ಅಮ್ಮ, 'ನಾನೇ. ಮರೆತು ಹಾಕಿಬಿಟ್ಟೆ,' ಎಂದಳು. ಅಮ್ಮನಿಗೆ ಹೋಗಿ ಬಂದು ಚಿಲಕ ಹಾಕುವ ರೂಢಿಯಿತ್ತು, ಪಾಪ, ತಾನೇ ಹಾಕಿರಬೇಕೆಂದು ನಂಬಿದ್ದಾಳೆ ಎಂದು ಇವಳು ಅಂದುಕೊಂಡಳು. ಅಂದುಕೊಂಡದ್ದು ಎಷ್ಟು ಹಾಯಾಗಿತ್ತು ಎಂಬುದು ಇವತ್ತಿಗೂ ನೆನಪಿದೆ. ಅಪ್ಪ ಸಾಯುವವರೆಗೂ ಅಮ್ಮ ಬಡಿಸಿದ್ದನ್ನು ಉಂಡ, ಅಮ್ಮ ಒಗೆದದ್ದನ್ನು ತೊಟ್ಟ, ಅಮ್ಮನ ಮುಖ ಮಾತ್ರ ನೋಡಲಿಲ್ಲ. ಹತ್ತೊಂಬತ್ತು ವರ್ಷ. ಇವಳು ಅದನ್ನು ಒಂದು ದಿನವೂ ತಪ್ಪದೆ ನೋಡಿದಳು, ನೋಡಿ ನುಂಗಿಕೊಂಡಳು.

ಹೊಸ್ತಿಲು ಮುಗಿಯಲು ಎರಡು ಗೆರೆ ಉಳಿದಿದ್ದಾಗ, ಅದರ ಮುಂದಿನ ಜಾಗ ಇನ್ನೂ ಬರಿದಾಗಿರುವಾಗಲೇ, ಕರೆಂಟು ಹೋಯಿತು. ಮಿಷನ್ನಿನ ಪುಟ್ಟ ದೀಪ ಆರಿ, ಸದ್ದು ಇಳಿದು, ಕೆಳಗಿನ ಅಂಗಡಿಯ ರೇಡಿಯೋ ನಿಂತು, ಫ್ಯಾನು ಇನ್ನೆರಡು ಸುತ್ತು ಸುಮ್ಮನೆ ತಿರುಗಿತು. ಕಿಟಕಿಯ ಹೊರಗೆ ಬಿಸಿಲು ಮಿಸುಕಾಡದೆ ಬಿದ್ದಿತ್ತು. ಅಷ್ಟೂ ಹೊತ್ತು ಮಿಷನ್ನಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಅಮ್ಮನ ಉಸಿರು ಈಗ ಕೋಣೆಯಲ್ಲಿ ಕೇಳಿಸಿತು.

'ಕರೆಂಟು ಹೋಯ್ತಲ್ಲ, ಇನ್ನೇನು ಹೊಲೀತೀಯ. ಕೊಡು ಇಲ್ಲಿ, ನೋಡ್ತೀನಿ,' ಎಂದಳು ಅಮ್ಮ.

'ಇನ್ನೂ ಸ್ವಲ್ಪ ಇದೆ ಅಮ್ಮಾ.'

'ಇರಲಿ. ಹಿತ್ತಲು ಯಾವತ್ತು ಪೂರ್ತಿ ಆಗಿತ್ತು? ಆ ಗೋಡೆಗೆ ಗಾರೆ ಮಾಡಿಸ್ತೀನಿ ಮಾಡಿಸ್ತೀನಿ ಅಂತಲೇ ನಿಮ್ಮಪ್ಪ ಹೋದ್ರು. ಕೊಡೇ.'

ರಿಂಗಿನಿಂದ ಬಿಡಿಸಿ, ಬಟ್ಟೆಯನ್ನು ಅಮ್ಮನ ತೊಡೆಯ ಮೇಲೆ ಹರಡಿ, ಅವಳು ಕಾಲ ಬಳಿ ನೆಲದ ಮೇಲೆ ಕೂತಳು. ಅಮ್ಮ ಮೊದಲು ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಸುಮ್ಮನೆ ಇಟ್ಟುಕೊಂಡಳು. ಆಮೇಲೆ ಬೆರಳುಗಳು ಒಂದೊಂದಾಗಿ ಎದ್ದವು. ಒರಟು ದಾರದಲ್ಲಿ ಉಬ್ಬುತಗ್ಗಾಗಿ ಹೊಲಿದ ಗೋಡೆ ಸಿಕ್ಕಿತು. 'ಇಟ್ಟಿಗೆ ಎದ್ದಿರೋದು ಕೂಡ ಮಾಡಿದ್ದೀಯಲ್ಲೇ ಕಳ್ಳಿ!' ಎಂದು ಮಗುವಿನಂತೆ ಹಿಗ್ಗಿದಳು. ಒಗೆಯುವ ಕಲ್ಲು ಸಿಕ್ಕಿತು, ಅದರ ನುಣುಪಿಗೆ ಅವಳು ರೇಷ್ಮೆಯ ದಾರ ಬಳಸಿದ್ದಳು. ನೆಲಕ್ಕೆ ಬಿಡಿಬಿಡಿಯಾಗಿ ಬಿಟ್ಟಿದ್ದ ಹುಲ್ಲಿನ ಎಳೆಗಳನ್ನು ಅಮ್ಮ ಬೆಕ್ಕನ್ನು ಸವರುವಂತೆ ಸವರಿದಳು. ಹಗ್ಗವನ್ನು ಹಿಡಿದು ಈ ತುದಿಯಿಂದ ಆ ತುದಿಗೆ ಹೋದಳು. ಅಲ್ಲಿ ನಲ್ಲಿ ಸಿಕ್ಕಾಗ ಬೆರಳು ನಿಂತಿತು.

'ನಲ್ಲಿ ಈ ಕೈಗೆ ಬಂತಲ್ಲ?'

'ಯಾವ ಕೈಗೆ?'

'ಬಲಗೈಗೆ.' ಬೆರಳು ನಲ್ಲಿಯಿಂದ ಬಾಗಿಲಿಗೆ ನಡೆಯಿತು. ಬಾಗಿಲನ್ನು ಮಾತ್ರ ಅವಳು ಬೇರೆ ದಪ್ಪ ಬಟ್ಟೆಯಲ್ಲಿ ಮಾಡಿ, ಒಳಗೆ ಹತ್ತಿ ತುಂಬಿ, ನಾಲ್ಕೂ ಅಂಚನ್ನು ಬಿಗಿಯಾಗಿ ಹೊಲಿದು ಕೂರಿಸಿದ್ದಳು. ಅಮ್ಮ ಹಲಗೆಗಳನ್ನು ಎಣಿಸಿದಳು. ಎಳೆಯುವ ಬಳೆ ಬೆರಳಿಗೆ ಸಿಕ್ಕಿತು. 'ಬಳೆಯೂ ಬಲಗೈಗೇ ಇದೆ. ಹಿತ್ತಲಲ್ಲಿ ನಿಂತರೆ ಬಳೆ, ನಲ್ಲಿ, ಎರಡೂ ಎಡಕ್ಕೆ ಕಣೇ. ಬಲಗೈಲಿ ಬಿಂದಿಗೆ, ಎಡಗೈಲಿ ಬಾಗಿಲು ಎಳೀತಿದ್ದೆ. ದಿನಕ್ಕೆ ಹತ್ತು ಸಲ.'

ಅವಳು ಬಟ್ಟೆಯ ಕಡೆ ಬಗ್ಗಿ ನೋಡಿದಳು. ಚಿತ್ರವನ್ನು ಮಗುಚಿರಲಿಲ್ಲ. ಮೊದಲ ದಿನದ ಪಾಠ, ಕಲಿಯಲು ಬರುವ ಹುಡುಗಿಯರು ಮಾಡುವ ತಪ್ಪು. ಬೆನ್ನಿನ ಮೇಲೆ ಎಡಕ್ಕೆ ಬರೆದದ್ದೆಲ್ಲ ಮುಖದ ಮೇಲೆ ಬಲಕ್ಕೆ ಬಂದಿದೆ. ಒಂದು ತಿಂಗಳು ದಿನವೂ ತಿರುಗಿಸಿ ನೋಡಿದ್ದಳಲ್ಲ, ಒಂದು ದಿನವಾದರೂ ಕಣ್ಣಿಗೆ ಯಾಕೆ ಹೊಡೆಯಲಿಲ್ಲ? ದಿನವೂ ಎಲ್ಲ ಸರಿಯಾಗಿದೆ ಎಂದು ಯಾಕೆ ಅನ್ನಿಸಿತು?

'ಇದು ಹೊರಗೆ ನಿಂತು ಕಂಡ ಹಿತ್ತಲಲ್ಲ,' ಎಂದಳು ಅಮ್ಮ, ಅವಳ ಪ್ರಶ್ನೆ ಕೇಳಿಸಿದ ಹಾಗೆ. 'ಒಳಗೆ ನಿಂತಿದ್ದೀಯ. ಬಾಗಿಲು ಹಾಕಿಕೊಂಡು, ಗೋಡೆಯಾಚೆಗೆ ನೋಡ್ತಿದ್ದೀಯ. ಒಳಗಿಂದ ತಾನೇ ಎಲ್ಲ ಬಲಕ್ಕೆ ಬರೋದು, ನಲ್ಲಿ, ಬಳೆ... ಚಿಲಕ.'

ಅಮ್ಮನ ಬೆರಳು ಬಾಗಿಲಿನಿಂದ ಕೆಳಗಿಳಿದು, ಹೊಸ್ತಿಲು ದಾಟಿ, ಅಂಗೈಯಷ್ಟು ಬರಿದಾಗಿದ್ದ ಆ ಜಾಗಕ್ಕೆ ಬಂತು. ಅಲ್ಲಿ ಹೊಲಿಗೆ ಇರಲಿಲ್ಲ. ಬೆರಳ ತುದಿ ತೂತಿನಿಂದ ತೂತಿಗೆ ಹೋಯಿತು, ಅವಸರವಿಲ್ಲದೆ, ಮಲಗಿದವರ ಮುಖ ಮುಟ್ಟುವಂತೆ. ಹೆಗಲಿನ ಸುತ್ತ ಹೋಯಿತು. ತಗ್ಗಿಸಿದ ತಲೆಯನ್ನು ಒಂದು ಸುತ್ತು ಹಾಕಿತು.

'ಇಲ್ಲಿ ಯಾರೋ ನಿಂತಿದ್ರು. ತೆಗೆದಿದ್ದೀಯ.'

'ಯಾರೂ ಇರಲಿಲ್ಲ ಅಮ್ಮಾ. ದಾರ ಸಿಕ್ಕಾಗಿ ಬಿಚ್ಚಿದೆ, ಅಷ್ಟೆ.'

'ಎಷ್ಟು ಸಲ?'

'ಮೂರು.'

'ಮೂರು ಸಲವೂ ಇಲ್ಲೇ?'

ಅವಳು ಅಮ್ಮನ ಮಂಡಿಗೆ ಹಣೆ ಒತ್ತಿದಳು. ಮಾತು ತಾನಾಗಿ ಹೊರಬಂತು, ಇಷ್ಟು ವರ್ಷ ಕೂಡಿಸಿಟ್ಟಿದ್ದ ಒಪ್ಪವಾದ ವಾಕ್ಯಗಳು ಒಂದೂ ಬರಲಿಲ್ಲ. 'ಚಿಲಕ ನಾನು ಹಾಕಿದ್ದಮ್ಮಾ. ನೀನಲ್ಲ. ನೀನು ಮರೆತು ಹಾಕಿದ್ದಲ್ಲ, ನಾನು ಬೇಕಂತಲೇ ಹಾಕಿದ್ದು. ಶಾಲೆಯಲ್ಲಿ ಎಲ್ಲ ನಕ್ಕರು, ನಾಚಿಕೆಯಾಯ್ತು, ಹಾಕಿದೆ. ಅವಳು ತಟ್ಟಿದಳು. ನಾನು ಅಲ್ಲೇ ನಿಂತಿದ್ದೆ.'

ಅಮ್ಮನ ಕೈ ಅವಳ ತಲೆಯ ಮೇಲೆ ಬರಲಿಲ್ಲ. ಬಟ್ಟೆಯ ಮೇಲೇ ಇತ್ತು.

'ಗೊತ್ತು,' ಎಂದಳು ಅಮ್ಮ.

'ಏನು ಗೊತ್ತು?'

'ನೀನು ನಿಂತಿದ್ದು. ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ನಿನ್ನ ಬೆನ್ನು ಕಾಣ್ತಿತ್ತು. ಕಾಲು ಹೀಗೆ ನಡುಗ್ತಿತ್ತು, ಕಡ್ಡಿ ಹಾಗಿದ್ದೆಯಲ್ಲ. ಅವಳು ಆರು ಸಲ ತಟ್ಟಿದ್ಲು. ನಾನು ಎಣಿಸಿದೆ. ನಾನಿದ್ದಲ್ಲಿಂದ ಚಿಲಕಕ್ಕೆ ನಾಲ್ಕು ಹೆಜ್ಜೆ.' ಅಮ್ಮ ತುಟಿ ಸವರಿಕೊಂಡಳು. 'ಸಾಕಾಗಿತ್ತು ಕಣೇ. ಹನ್ನೆರಡು ವರ್ಷ ಅವಳನ್ನ ಉಣಿಸಿ, ತೊಳೆದು, ಬೀದಿಯಿಂದ ಎಳೆದು ತಂದು. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ ಅವಳು ಆಚೆ ಇರ್ಲಿ ಅನ್ನಿಸ್ತು. ನೀನು ಹಾಕಿದೆ, ನಾನು ತೆಗೀಲಿಲ್ಲ. ನಿಂಗೆ ಹನ್ನೊಂದು ವರ್ಷ. ನಂಗೆ ಮೂವತ್ನಾಲ್ಕು.'

ಬಿಸಿಲು ಕಿಟಕಿಯ ಸರಳು ದಾಟಿ ಮಿಷನ್ನಿನ ಮೇಲೆ ಬಿದ್ದಿತ್ತು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. ಒಬ್ಬಳೇ ಹೊತ್ತಿದ್ದೇನೆಂದುಕೊಂಡ ಹೊರೆಯ ಇನ್ನೊಂದು ತುದಿಯನ್ನು ಅಮ್ಮ ಹಿಡಿದಿದ್ದಳು, ಹಿಡಿದೂ ಸುಮ್ಮನಿದ್ದಳು. ಜ್ವರದಲ್ಲಿ ತಾನು ಬಾಗಿಲು ಬಾಗಿಲು ಎಂದು ಕನವರಿಸುವಾಗ ಒದ್ದೆ ಬಟ್ಟೆ ಹಾಕುತ್ತ ಸುಮ್ಮನಿದ್ದಳು. ಬಂದ ಗಂಡುಗಳನ್ನೆಲ್ಲ ತಾನು ಬೇಡವೆಂದು ಕಳಿಸುವಾಗ, ಯಾಕೆಂದು ಒಂದು ಮಾತೂ ಕೇಳದೆ ಸುಮ್ಮನಿದ್ದಳು.

'ಹೇಳಬಹುದಿತ್ತಲ್ಲಮ್ಮಾ. ಒಂದು ಮಾತು. ನಲವತ್ತೊಂದು ವರ್ಷ!'

'ನಿಂದು ಹೇಳಿದ್ರೆ ನಂದೂ ಹೇಳ್ಬೇಕಾಗ್ತಿತ್ತು,' ಎಂದಳು ಅಮ್ಮ. 'ನಿನ್ನ ಉಳಿಸೋಕೆ ತಪ್ಪು ನನ್ನ ತಲೆಗೆ ಹಾಕ್ಕೊಂಡೆ ಅಂತ ನಂಬಿಕೊಂಡಿದ್ದೆ. ಚೆನ್ನಾಗಿತ್ತು ಹಾಗೆ ನಂಬೋದು. ನಿಮ್ಮಪ್ಪನ ಮುಂದೆ ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ಸುಳ್ಳೆಲ್ಲಿ ಹೇಳಿದೆ?' ಬಟ್ಟೆಯನ್ನು ಅವಳ ಕಡೆ ತಳ್ಳಿದಳು. 'ಕತ್ತರಿ ಇದೆಯಾ? ಈ ಬಾಗಿಲ ಹೊಲಿಗೆ ಬಿಚ್ಚು. ಪೂರ್ತಿ ಬೇಡ. ಚಿಲಕದ ಕಡೆಯದು.'

'ಯಾಕಮ್ಮಾ?'

'ಬಿಚ್ಚು ಅಂದೆ.'

ಅವಳು ಹೊಲಿಗೆ ಬಿಚ್ಚುವ ಮೊನೆಯನ್ನು ತಂದು, ಬಾಗಿಲ ಬಲ ಅಂಚಿಗೆ ಇಟ್ಟಳು. ತಾನೇ ಹಾಕಿದ ಹೊಲಿಗೆ, ಒಂದರ ಮೇಲೊಂದು ಮೂರು ಸಾಲು, ಯಾವ ಗಿರಾಕಿಯ ಕೆಲಸಕ್ಕೂ ಅಷ್ಟು ಬಿಗಿಯಾಗಿ ಹಾಕಿದವಳಲ್ಲ. ಟಿಕ್ ಟಿಕ್ ಎಂದು ಎಳೆಗಳು ಹರಿದವು. ಮೇಲಿನಿಂದ ಕೆಳಗಿನವರೆಗೆ ಬಿಚ್ಚಿ, ಕೆಳ ಅಂಚನ್ನೂ ಮೇಲಂಚನ್ನೂ ಒಂದಿಷ್ಟು ಬಿಡಿಸಿದ ಮೇಲೆ, ಹತ್ತಿ ತುಂಬಿದ ಆ ಬಾಗಿಲು ಎಡದ ಹೊಲಿಗೆಯ ಮೇಲೆ ತಿರುಗಿ ತಾನಾಗಿ ಬೆರಳಗಲ ತೆರೆದುಕೊಂಡಿತು. ಅವಳು ಬಟ್ಟೆಯನ್ನು ಅಮ್ಮನ ತೊಡೆಯ ಮೇಲೆ ಮತ್ತೆ ಇಟ್ಟಳು. ಅಮ್ಮ ಬಾಗಿಲನ್ನು ಹುಡುಕಿ, ಬಿಚ್ಚಿದ ಅಂಚನ್ನು ಮುಟ್ಟಿ, ತೋರುಬೆರಳನ್ನು ಆ ಸಂದಿಯೊಳಗೆ ಹಾಕಿದಳು. ಬೆರಳು ಗೆಣ್ಣಿನವರೆಗೆ ಒಳಗೆ ಹೋಯಿತು.

'ತಣ್ಣಗಿದೆ,' ಎಂದಳು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಬೇಗಬೇಗ ಮೂರು. ತಡೆದು ಒಂದು.

ಇಬ್ಬರೂ ಅಲ್ಲಾಡಲಿಲ್ಲ. ಕರೆಂಟಿಲ್ಲ, ಬೆಲ್ಲು ಹೊಡೆಯುವುದಿಲ್ಲ, ಗಂಟೆ ಮೂರಾಗಿರಬೇಕು, ಅಣ್ಣ ಬಂದಿದ್ದಾನೆ, ಅವನಿಗೂ ಅತ್ತೆಯೇ ಕಲಿಸಿದ್ದಲ್ಲವೇ. ಇಷ್ಟೂ ಅವಳ ತಲೆಯಲ್ಲಿ ಸ್ಪಷ್ಟವಾಗಿ ಒಂದರ ಹಿಂದೊಂದು ಬಂತು. ಆದರೂ ಕಾಲು ಏಳಲಿಲ್ಲ. ಆ ಒಂದು ಏಟು ಹಣೆಯಲ್ಲೇ ಕೇಳಿಸಿತ್ತು. ಮತ್ತೆ ಮೂರು, ಒಂದು. ಅಮ್ಮನ ಬೆರಳು ಹೊಲಿದ ಬಾಗಿಲೊಳಗೆ ಹಾಗೇ ಇತ್ತು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾಳೆ ಎಂದು ಅವಳಿಗೆ ಹೊಳೆಯಿತು. ಮೂರನೆಯ ಸಲ. ನಾಲ್ಕನೆಯ ಸಲ.

ಎದ್ದವಳು ಅಮ್ಮ. ತೊಡೆಯಿಂದ ಬಟ್ಟೆ ಜಾರಿ ಬಿತ್ತು. ಕೋಲು ತೆಗೆದುಕೊಳ್ಳಲಿಲ್ಲ, ಗೋಡೆ ಮುಟ್ಟಲಿಲ್ಲ, ಚೀಲವನ್ನು ಎಡವಿ, ಸಾವರಿಸಿಕೊಂಡು, ನೆಟ್ಟಗೆ ಹೋದಳು. ಬಾಗಿಲು ಕೈಗೆ ಸಿಕ್ಕಿತು. ಈ ಮನೆಯಲ್ಲಿ ಚಿಲಕ ಎಡಕ್ಕೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪದ ಕೈ ಈಗ ಬಲಕ್ಕೆ ಹೋಯಿತು, ಚಿಲಕವಿಲ್ಲದ ಮರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ತಡಕಾಡಿತು. 'ಎಲ್ಲೇ? ಎಲ್ಲೇ ಅದು? ಇಲ್ಲೇ ಇತ್ತು!' ಅಮ್ಮನ ದನಿ ಕೀರಲಾಗಿತ್ತು, ಇವಳು ಅದನ್ನು ಯಾವತ್ತೂ ಕೇಳಿರಲಿಲ್ಲ. ಹೊರಗೆ ತಟ್ಟುವುದು ನಿಂತಿತು. ನಿಂತದ್ದೇ ಸಾಕಾಯಿತು. ಅವಳು ಓಡಿ ಬಂದು, ಅಮ್ಮನ ಭುಜದ ಮೇಲಿಂದ ಕೈ ಚಾಚಿ, ಎಡಗಡೆಯ ಚಿಲಕವನ್ನು ಸರಕ್ಕನೆ ಎಳೆದು ಬಾಗಿಲು ತೆರೆದಳು.

ಅಣ್ಣ ಆಗಲೇ ಎರಡು ಮೆಟ್ಟಿಲು ಇಳಿದಿದ್ದ. ಬೆವರು ಒರೆಸುತ್ತ ತಿರುಗಿ ನೋಡಿದ. 'ಏನ್ರೇ, ಎಷ್ಟು ಸಲ ತಟ್ಟೋದು? ಯಾರೂ ಇಲ್ವೇನೋ ಅಂದ್ಕೊಂಡೆ,' ಎಂದ. ಇಬ್ಬರ ಮುಖ ನೋಡಿ, 'ಏನಾಯ್ತು?' ಎಂದ.

'ಏನಿಲ್ಲ. ಬಾ,' ಎಂದಳು ಅವಳು.

ಅಣ್ಣ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಅಮ್ಮನ ಕೈ ಮುಟ್ಟಿ, ನೀರು ಕೇಳುತ್ತ ಒಳಗೆ ಹೋದ. ನೆಲದ ಮೇಲೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡು, 'ಓಹೋ, ನಮ್ಮ ಹಿತ್ತಲು! ಅದೇ ಥರ ಇದೆಯಲ್ಲೇ!' ಎಂದ. ಅವನಿಗೆ ಏನೂ ಕಾಣಲಿಲ್ಲ. ಅವಳು ಬಾಗಿಲು ಮುಂದೆ ತಳ್ಳಲು ಹೊರಟಳು. ಅಮ್ಮನ ಕೈ ಬಂದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಅಮ್ಮ ಮೆಟ್ಟಿಲ ಕಡೆಗೆ ಮುಖ ಮಾಡಿ, ಕಣ್ಣು ಹೋದವರ ಆ ನೆಟ್ಟ ಗಮನದಲ್ಲಿ, ಏನನ್ನೋ ಆಲಿಸುತ್ತಿದ್ದಳು.

'ಹಾಕಬೇಡ,' ಎಂದಳು. 'ಅವಳು ಮೆಟ್ಟಿಲು ಹತ್ತೋದು ನಿಧಾನ.'

ಅಣ್ಣ ಅಡುಗೆಮನೆಯಲ್ಲಿ ಲೋಟ ಹುಡುಕುತ್ತಿದ್ದ. ಮಗಳು ಮೆಟ್ಟಿಲ ಕಡೆ ನೋಡಲಿಲ್ಲ. ಬಾಗಿಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಇನ್ನೊಬ್ಬರು ಒಳಗೆ ಬರುವಷ್ಟು ಜಾಗ ಬಿಟ್ಟು, ಪಕ್ಕಕ್ಕೆ ಸರಿದು ನಿಂತಳು.